ಹಳದಿ ಗೂಡಿನ ಹೆಣ್ಣು

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದರೆ ನನಗೆ ಅಜ್ಜಿಯ ರೇಷ್ಮೆ ಹುಳುಮನೆ ನೆನಪಾಗುತ್ತದೆ. ಅಜ್ಜಿಯ ಕಾಲದಲ್ಲಿ ಹಳದಿ ಗೂಡಿನ ಹೆಣ್ಣು ಚಿಟ್ಟೆಯೂ ಬಿಳಿ ಗೂಡಿನ ಗಂಡೂ ತಕರಾರಿಲ್ಲದೆ ಜೋಡಿಯಾಗುತ್ತಿದ್ದವು. ಈಗ ತಲೆಮಾರಿನಿಂದ ತಲೆಮಾರಿಗೆ ಹೆಣ್ಣಿನ ಗಂಧ ಬದಲಾಗಿ, ಬಿಳಿ ಗಂಡುಗಳ ಮುನಿಸು ಬಲಿಯುತ್ತಿದೆ. ಹಾಗಾಗಿ ರೇಷ್ಮೆ ಮೊಟ್ಟೆ ಮಾಡಿ ಮಾರುವ ಕೋಠಿಗಳು ಹುಳು ಸಾಕಿ ಗೊತ್ತಿರುವ ನನ್ನಂಥ ನಿವೃತ್ತ ಟೀಚರುಗಳನ್ನು ಚಿಟ್ಟೆಗಳ ಸಂಬಂಧ ಕುದುರಿಸಲು ಕರೆಯುತ್ತವೆ.

ಇಂದು ಮುಬೀನಾಳ ಕೋಠಿಯಲ್ಲಿ ಕೊನೆಯ ಪ್ರಯತ್ನ. ಹಳದಿ ಹೆಣ್ಣಿಗೆ ಬಿಳಿ ಗಂಡು ಕೂಡದಿದ್ದರೆ ಹಳದಿ ತಳಿ ನಿಲ್ಲುತ್ತದೆ; ಅದನ್ನು ಸಾಕುವ ಗಂಗರತ್ನಳ ಕೆಲಸವೂ ಹೋಗುತ್ತದೆ.

"ಹುಡುಗ ಏನಂತಾನೆ ಟೀಚರಮ್ಮ?" ಎಂದಳು ಗಂಗರತ್ನ.

"ಮೀಸೆ ಆಡಿಸಿ ಮೂಸಿದ. ಬೆನ್ನು ತಿರುಗಿಸಿ ಕೂತ."

"ಬಿಳಿ ಗೂಡಲ್ಲಿ ಹುಟ್ಟಿದೀನಿ ಅಂತ ಕೊಬ್ಬು ಅವನಿಗೆ."

ನಾನು ಅವನನ್ನು ಎತ್ತಿಟ್ಟು ಹಳದಿ ತಳಿಯ ಗಂಡೊಂದನ್ನು ಬಿಟ್ಟೆ. ಅದು ರೆಕ್ಕೆ ಬಡಿಯುತ್ತ ನೇರವಾಗಿ ಹೆಣ್ಣಿನ ಬಳಿಗೆ ಓಡಿತು. ಗಂಗರತ್ನ ನಕ್ಕಳು, ಆಮೇಲೆ ತಲೆ ತಗ್ಗಿಸಿದಳು. ಬಿಳಿಯ ಬೆರಕೆಯಿಲ್ಲದ ಬರೀ ಹಳದಿ ತಳಿಯ ನೂಲು ಬೇಗ ತುಂಡಾಗುತ್ತದೆ, ಕೊಳ್ಳುವವರು ಕಡಿಮೆ.

ಮುಬೀನಾ ಚಿಟ್ಟೆಗಳ ತಟ್ಟೆಯನ್ನೇ ನೋಡುತ್ತ ನಿಂತಿದ್ದಳು. "ಹಳದಿಗೆ ಹಳದಿನೇ ಬೇಕಂತೆ. ನೀವು ಅದನ್ನೇ ಸಾಕಿ ಗಂಗಕ್ಕ, ಬಿಳಿ ಮೊಟ್ಟೆ ಮಾರಿ ಇದರ ಖರ್ಚು ತೂಗಿಸೋಣ," ಎಂದಳು. ಆಮೇಲೆ ತನ್ನ ಊಟದ ಡಬ್ಬಿ ಬಿಚ್ಚಿ ಮೆಲ್ಲಗೆ ಗಂಗರತ್ನಳ ಕೈಗಿಟ್ಟಳು.