ಮುಳುಗಿ ಏಳುವವರ ಊರು

ಪೊನ್ನಪ್ಪ ಜಗಲಿ ದಾಟಲಿಲ್ಲ.

ಟ್ರಂಕನ್ನು ಕಂಬಕ್ಕೆ ಒರಗಿಸಿದ, ಬೂಟು ಕಳಚಿದ, ಅಲ್ಲೇ ಕುಳಿತ. ನಡುಮನೆಯಲ್ಲಿ ಹಿರಿಯರ ದೀಪ ಉರಿಯುತ್ತಿತ್ತು. ಹಿಂದೆಲ್ಲ ರಜೆಯಲ್ಲಿ ಬಂದರೆ ಮೊದಲು ಅದಕ್ಕೆ ಕೈಮುಗಿದು ಆಮೇಲೆ ತಾಯಿಯ ಮುಖ ನೋಡುತ್ತಿದ್ದ ಹುಡುಗ. ತಾಯಿ ಹೊನ್ನಮ್ಮ ಬಾಗಿಲಿಗೆ ಬಂದಳು.

"ಒಳಗೆ ಬಾ ಮಗ. ಮೈಲಿಗೆಯವನ ಹಾಗೆ ಎಂತಕ್ಕೆ ಹೊರಗೆ ಕೂತೆ?"

"ಇಲ್ಲಿ ಗಾಳಿ ಚೆನ್ನಾಗಿ ಬರ್ತದೆ ಅವ್ವ. ಕಾಫಿ ಇಲ್ಲಿಗೇ ಕೊಡು."

ಬಿಟ್ಟಂಗಾಲದ ಹತ್ತಿರದ ಆ ಮನೆಗೆ ಅವನು ಬಂದದ್ದು ಪೊನ್ನಂಪೇಟೆ ಬಸ್ಸಿನಲ್ಲಿ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ. ಈಜಿಪ್ಟಿನ ಮರಳುಗಾಡಿನಲ್ಲಿ, ಎರಡು ದೇಶಗಳು ಹೊಡೆದಾಡದಂತೆ ನಡುವೆ ನಿಂತ ಶಾಂತಿಪಡೆಯಲ್ಲಿ ಅವನು ಸಿಪಾಯಿ. ಎಂಟು ತಿಂಗಳ ಹಿಂದೆ ಅಲ್ಲಿಗೆ ಹೋದ ಮೇಲೆ ಮನೆಗೆ ಬಂದದ್ದು ಇದೇ ಮೊದಲು. ಹೆಂಡತಿ ನೀಲಾವತಿ ಚೊಚ್ಚಲ ಹೆರಿಗೆಗೆ ಕುಟ್ಟದ ತವರಿಗೆ ಹೋಗಿದ್ದಳು. ಇಂದೋ ನಾಳೆಯೋ ಎನ್ನುವ ದಿನಗಳು. ಇವನು ಅವಳ ಹೆಸರೆತ್ತಲಿಲ್ಲ.

ಖರ್ಜೂರದ ಚೀಲ ತೆಗೆದು ತಾಯಿಯ ಕೈಗಿಟ್ಟ. ಅರ್ಧ ಖಾಲಿ.

"ಉಳಿದದ್ದು ಯಾರ ಹೊಟ್ಟೆಗೆ?" ಎಂದ ಧರ್ಮಪಾಲ. ಅವನು ಹೊನ್ನಮ್ಮನ ಅಣ್ಣನ ಮಗ, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಎಲ್ಲಿ ಕಾಫಿ ಕುದಿಯುತ್ತದೋ ಅಲ್ಲಿ ಹಾಜರು.

"ದಾರೀಲಿ ಹಂಚಿದೆ ಭಾವ."

"ಗಂಡಸರಿಗೋ, ಹೆಂಗಸರಿಗೋ?"

ಪೊನ್ನಪ್ಪ ನಕ್ಕ. ಹೊನ್ನಮ್ಮ ನಗಲಿಲ್ಲ.

ಮನೆಯ ಯಜಮಾನ ಸಾಂತಪ್ಪ ಜಗಲಿಯ ಇನ್ನೊಂದು ತುದಿಯಲ್ಲಿ ಕೋವಿಯ ನಳಿಗೆಗೆ ಎಣ್ಣೆ ಹಾಕುತ್ತಿದ್ದರು. ಮೊಮ್ಮಗ ಹುಟ್ಟಿದ ಸುದ್ದಿ ಬಂದೊಡನೆ ಅಂಗಳಕ್ಕಿಳಿದು ಆಕಾಶಕ್ಕೆ ಒಂದು ಗುಂಡು. ಅದು ಪದ್ಧತಿ; ಎರಡು ಹೊಡೆದರೆ ಸಾವಿನ ಸುದ್ದಿ. ಕೊಡಗು ಮೈಸೂರಿಗೆ ಸೇರಿರಬಹುದು, ನಮ್ಮ ಪದ್ಧತಿ ಸೇರಿಲ್ಲ ಎನ್ನುತ್ತಿದ್ದರು. ಹೆಣ್ಣಿಗೆ ಗುಂಡಿಲ್ಲ. ಹಿರಿಯ ಸೊಸೆ ಯಮುನಳ ಹೆಣ್ಣುಮಕ್ಕಳು ಹುಟ್ಟಿದಾಗ ಕೋವಿ ಗೋಡೆಯಿಂದ ಇಳಿದಿರಲಿಲ್ಲ. ಅದನ್ನು ಕಂಡಿದ್ದ ನೀಲಾವತಿ ತವರಿಗೆ ಹೊರಟ ದಿನ ಮೆಟ್ಟಿಲ ಮೇಲೆ ನಿಂತು ಹೇಳಿದ್ದಳು: "ಹೆಣ್ಣಾದ್ರೂ ಗುಂಡು ಹೊಡೀಬೇಕು ಮಾವ. ಇಲ್ಲದಿದ್ರೆ ನಾನೂ ಮಗುವೂ ಕುಟ್ಟದಲ್ಲೇ."

ಸಾಂತಪ್ಪ ಕೆಮ್ಮಿದ್ದರು. ಅಷ್ಟೇ.

"ಆ ಕಡೆ ಸಮುದ್ರ ಉಂಟಂತೆ?" ಈಗ ಅವರು ಮಗನನ್ನು ಕೇಳಿದರು.

"ಉಂಟು ಅಪ್ಪ. ಬಿಡುವು ಸಿಕ್ಕಿದಾಗ ಲಾರಿ ಹತ್ತಿ ಒಂದು ಊರಿಗೆ ಹೋಗಿದ್ದೆ. ಹಿಂದೆ ಬರೀ ಕಲ್ಲುಗುಡ್ಡ, ಮರಳು. ಮುಂದೆ ನೀಲಿ ನೀರು. ಊರವರ ಕೆಲಸ ಮುಳುಗೋದು."

"ಅದೂ ಒಂದು ಕೆಲಸವಾ?"

"ಬೆಳಿಗ್ಗೆ ಮುಳುಗಿ ಚಿಪ್ಪು ತರ್ತಾರೆ. ಆಮೇಲೆ ಚಾಪೆ ಮೇಲೆ ಬಿದ್ಕೊಂಡು ಚಹಾ. ಯಾರಿಗೂ ಅವಸರ ಇಲ್ಲ. ಅಂಗಡಿಯವನ ಹತ್ರ ಚಹಾ ಕೇಳಿದ್ರೆ, ಒಲೆ ಅಲ್ಲುಂಟು, ಗ್ಲಾಸು ಇಲ್ಲುಂಟು ಅಂತ ಮಲಗಿದಲ್ಲಿಂದಲೇ ಕೈ ತೋರಿಸಿದ."

"ನಮ್ಮ ಎಸ್ಟೇಟ್ ಮ್ಯಾನೇಜರನ ತಮ್ಮ ಇರ್ಬೇಕು," ಅಂದ ಧರ್ಮಪಾಲ.

"ನಾನೂ ಬಿದ್ಕೊಂಡೆ. ಅಷ್ಟರಲ್ಲಿ ಢಂ ಅಂತ ಒಂದು ಗುಂಡು!"

ಸಾಂತಪ್ಪನವರ ಕೈ ನಿಂತಿತು. "ಒಂದೇನಾ?"

"ಒಂದೇ. ನಾನು ಎದ್ದವನೇ ಓಡಿ, ಕೋವಿ ಹಿಡಿದ ಮುದುಕನ ಕೈ ಕುಲುಕಿ, ಮೊಮ್ಮಗನಾ ಅಂತ ಕೇಳಿದೆ. ಅವನು ಹಿಂದೆ ಬೊಂಬಾಯಿ ಹಡಗಲ್ಲಿದ್ನಂತೆ, ಹಿಂದೂಸ್ತಾನಿ ಬರ್ತಿತ್ತು. ನಾನು ಕೇಳಿದ್ದನ್ನ ಊರವರಿಗೆ ಹೇಳಿದ. ಚಾಪೆ ಮೇಲಿದ್ದವರೆಲ್ಲ ಹೊರಳಾಡಿ ನಕ್ರು."

ಸಾಂತಪ್ಪನವರಿಗೆ ನಗುವ ಕಾರಣ ಕಾಣಲಿಲ್ಲ. "ಮತ್ತೆ ಎಂತಕ್ಕೆ ಹೊಡೆದದ್ದು?"

"ಹೊಸಬರು ಮೊದಲ ಸಲ ಆಳಕ್ಕೆ ಇಳಿದು, ಉಸಿರಾಡ್ತಾ ಮೇಲೆ ಬಂದ್ರೆ ದಡದಲ್ಲಿ ಒಂದು ಗುಂಡು. ಆವತ್ತು ಎದ್ದು ಬಂದದ್ದು ಒಂದು ಹುಡುಗಿ."

ಹುಡುಗಿ ಎಂದಾಗ ಅವನ ದನಿ ಮೆತ್ತಗಾಯಿತು. ಹೊನ್ನಮ್ಮನಿಗೆ ಖರ್ಜೂರ ಹೋದ ದಾರಿ ಕಂಡಿತು.

"ಹೇಗಿದ್ಳು?"

"ನೆನೆದು ತೊಪ್ಪೆ. ಕೂದಲು ಹಣೆಗೆ ಅಂಟಿಕೊಂಡಿತ್ತು. ಮುಷ್ಟಿ ಬಿಗಿ. ಬೆಳಕಿಗೆ ಕಣ್ಣು ಬಿಡೋಕೂ ಆಗ್ತಿರ್ಲಿಲ್ಲ. ಆದ್ರೆ ಏನು ಕೂಗು ಅಂತೀಯ ಅವ್ವ!"

"ಹತ್ರದಿಂದ ನೋಡಿದ್ಯಾ?"

"ಇಷ್ಟು ಹತ್ರ." ಅಂಗೈಯನ್ನು ಮೂಗಿನ ಮುಂದೆ ಹಿಡಿದು ತೋರಿಸಿದ.

ಹೊನ್ನಮ್ಮ ಎದ್ದು ನಿಂತಳು. "ಕಟ್ಟಿಕೊಂಡವಳು ಅಲ್ಲಿ ನೋವು ತಿನ್ನೋ ಹೊತ್ತು. ಇವನು ಇಲ್ಲಿ ಯಾವಳದೋ ಕೂದಲಿನ ಕಥೆ ಹೇಳ್ತಾನೆ! ದೀಪಕ್ಕೆ ತೋರಿಸೋ ಮುಖ ಎಲ್ಲಿಂದ ಬರ್ಬೇಕು?"

ಪೊನ್ನಪ್ಪ ತಲೆ ತಗ್ಗಿಸಿದ.

ಸಾಂತಪ್ಪ ಇನ್ನೂ ಆ ದಡದಲ್ಲೇ ಇದ್ದರು. "ಹುಡುಗಿಗೂ ಹೊಡೀತಾರಾ?"

"ನಾನೂ ಅದೇ ಕೇಳಿದೆ ಅಪ್ಪ. ಮುದುಕ ನನ್ನನ್ನ ಮೇಲಿಂದ ಕೆಳಗೆ ನೋಡಿದ. ಅಷ್ಟು ಕತ್ತಲೆಯಿಂದ ಉಸಿರು ಉಳಿಸಿಕೊಂಡು ಬಂದವರನ್ನ, ಗಂಡೋ ಹೆಣ್ಣೋ ಅಂತ ವಿಚಾರಿಸಿ ಆಮೇಲೆ ಸಂತೋಷ ಪಡೋ ಊರು ಯಾವುದಪ್ಪ ನಿಂದು ಅಂದ."

"ನೀನೆಂತ ಹೇಳ್ದೆ?"

"ನಾಚಿಕೆ ಆಯ್ತು. ಹಾಸನ ಅಂದೆ."

ಧರ್ಮಪಾಲನಿಗೆ ಕಾಫಿ ನೆತ್ತಿಗೇರಿತು. ಸಾಂತಪ್ಪನವರ ಮುಖವೂ ಕೆಂಪಾಯಿತು, ಆದರೆ ನಗುವಿನಿಂದಲ್ಲ. ಎಲ್ಲೋ ಚಾಪೆಯ ಮೇಲೆ ಬಿದ್ದುಕೊಂಡಿರುವ ಮುದುಕನೊಬ್ಬ ಕೊಡಗಿನ ಕೋವಿಯನ್ನು ಜಿಪುಣ ಎಂದಂತಾಗಿತ್ತು. ಅದಕ್ಕಿಂತ ಹೆಚ್ಚಾಗಿ, ತಮ್ಮ ಮಗನೇ ಊರಿನ ಹೆಸರು ನುಂಗಿದ್ದ.

"ಹಾಸನ ಯಾಕೆ? ಕೊಡಗು ಅನ್ಬೇಕಿತ್ತು! ಒಂದು ಗುಂಡಿಗೆ ಗತಿ ಇಲ್ಲದವರಾ ನಾವು?"

"ಹೆಣ್ಣಿಗೆ ಹೊಡೆಯೋದಿಲ್ಲವಲ್ಲ ಅಪ್ಪ."

"ಯಾರು ಹೇಳಿದ್ದು?"

"ನೀವೇ ಮಾವ," ಎಂದ ಧರ್ಮಪಾಲ.

"ಹಾಗಾದ್ರೆ ಈಗಲೂ ನಾನೇ ಹೇಳ್ತೇನೆ, ಕೇಳು. ಕುಟ್ಟದಿಂದ ಸುದ್ದಿ ಬರ್ಲಿ. ಗಂಡಾಗ್ಲಿ, ಹೆಣ್ಣಾಗ್ಲಿ, ಅಂಗಳಕ್ಕೆ ಇಳಿದು ಹೊಡೀತೇನೆ. ನೀನೇ ಸಾಕ್ಷಿ."

ಪೊನ್ನಪ್ಪ ಎದ್ದು ತಂದೆಯ ಮೊಣಕೈ ಹಿಡಿದುಕೊಂಡ.

"ಹಾಗಾದ್ರೆ ಇಳೀರಿ ಅಪ್ಪ. ರಾತ್ರಿ ನಾನು ಕುಟ್ಟದಲ್ಲಿದ್ದೆ. ನಿಮ್ಮ ಮೊಮ್ಮಗಳು ಬೆಳಗಾಗುವ ಮೊದಲೇ ಬಂದಾಯ್ತು."