ತೆಗೆದುಕೊಳ್ಳದ ರಜೆ

“ಸಾಕ್ಷಿ ಹೇಳ್ತೀಯೋ ಇಲ್ವೋ, ಅಷ್ಟು ಹೇಳು ಓಮೋರ್,” ಎಂದಳು ಬುರುಲ್. ಬಿಸಿ ಸಂಸಾ ಕೊಳ್ಳಲು ಅವಳ ತಂದೂರಿ ಒಲೆಯ ಸುತ್ತ ನಿಂತಿದ್ದವರೆಲ್ಲ ತಿರುಗಿ ನೋಡಿದರು.

ಓಮೋರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ಅತ್ತಿಗೆ, ಇದನ್ನ ಇಲ್ಲಿಗೇ ಬಿಟ್ಟುಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ.”

“ನನ್ನ ಒಳ್ಳೇದಕ್ಕೋ, ನಿನ್ನ ಕೆಲಸದ ಒಳ್ಳೇದಕ್ಕೋ?”

ಅವನು ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದ.

ಅವಳ ಗಂಡ ಜಾಕಿಪ್ ಮತ್ತು ಓಮೋರ್ ಪಟ್ಟಣದ ಗಾಜಿನ ಕಾರ್ಖಾನೆಯಲ್ಲಿ ಒಂದೇ ಕುಲುಮೆಯ ಮುಂದೆ ದುಡಿದವರು. ಆ ವಸಂತದಲ್ಲಿ ಕಾರ್ಖಾನೆ ಅರ್ಧ ಜನರನ್ನು ಮನೆಗೆ ಕಳಿಸಿತು. ಜಾಕಿಪ್ ಹೊರಬಿದ್ದ, ಓಮೋರ್ ಉಳಿದ. ತೆಗೆದುಕೊಳ್ಳದ ರಜೆಗೆ ಹಣ ಕೊಡಬೇಕೆಂಬುದು ಕಾನೂನು. ಹೊರಬಿದ್ದ ಬೇರೆಯವರಿಗೆಲ್ಲ ಕೊಟ್ಟರು. ಜಾಕಿಪ್‌ಗೆ ಮಾತ್ರ, ನೀನು ಪ್ರತಿ ವರ್ಷವೂ ರಜೆ ಪೂರ್ತಿ ಮುಗಿಸಿದ್ದೀಯ, ಬಾಕಿ ಏನೂ ಇಲ್ಲ ಎಂದುಬಿಟ್ಟರು.

ರಜೆಯಂತೆ. ಬುರುಲ್‌ಗೆ ಮೈಯೆಲ್ಲ ಉರಿಯಿತು. ಪ್ರತಿ ಬೇಸಿಗೆಯಲ್ಲೂ ಕುಲುಮೆ ಆರಿಸಿ ರಿಪೇರಿ ಮಾಡುವಾಗ ಅವನು ವಾರಗಟ್ಟಲೆ ಕಾರ್ಖಾನೆಯಲ್ಲೇ ಉಳಿಯುತ್ತಿದ್ದ. ಹಿಟ್ಟಿನ ಬೋರ್ಸೋಕ್ ಕರಿದು ಚೀಲ ತುಂಬಿ ಕಳಿಸುತ್ತಿದ್ದವಳು ಅವಳೇ. ಮುಖವೆಲ್ಲ ಕಪ್ಪಿಟ್ಟು ಹಿಂದಿರುಗುತ್ತಿದ್ದವನಿಗೆ ಬೆಣ್ಣೆ ಸವರುತ್ತಿದ್ದವಳೂ ಅವಳೇ. ಈಗ ಆ ಬೆವರನ್ನೆಲ್ಲ ಮೋಜು ಎನ್ನುತ್ತಾರೆಯೇ?

ಜಾಕಿಪ್ ಮೊದಲಿನಿಂದಲೂ ಹಿಂದೇಟು ಹಾಕಿದ. ದೊಡ್ಡವರ ಜೊತೆ ಜಗಳ ನಮಗೇಕೆ, ಹೋಗಲಿ ಬಿಡು ಎಂದು ಗೋಗರೆದ. ಅವನ ಸ್ವಭಾವವೇ ಅಷ್ಟು, ಯಾರಾದರೂ ಕಾಲು ತುಳಿದರೂ ತಾನೇ ಕ್ಷಮೆ ಕೇಳುವವನು ಎಂದುಕೊಂಡಳು ಬುರುಲ್. ದೂರನ್ನು ಅವಳೇ ಬರೆಸಿದಳು. ಸಹಿ ಹಾಕುವ ತನಕ ಪಕ್ಕದಿಂದ ಏಳಲಿಲ್ಲ. ಅವಳಿಗೆ ಸಿಟ್ಟಿದ್ದದ್ದು ಕಾರ್ಖಾನೆಗಿಂತ ಓಮೋರ್ ಮೇಲೆ. ತನ್ನ ಮನೆಯ ಅನ್ನ ಉಂಡವನು, ಜಾಕಿಪ್‌ನನ್ನು ಅಣ್ಣ ಎಂದು ಕರೆದವನು, ಕಷ್ಟಕಾಲದಲ್ಲಿ ನಾಲಿಗೆಯನ್ನೇ ಮಾರಿಕೊಂಡ.

ವಿಚಾರಣೆಯ ದಿನ ಕಾರ್ಮಿಕ ಅಧಿಕಾರಿಯ ಕೋಣೆಗೆ ಗಂಡನನ್ನು ಎಳೆದುಕೊಂಡೇ ಬಂದಳು. ಕಾರ್ಖಾನೆಯ ವಕೀಲ ಹೆಚ್ಚು ಮಾತಾಡಲಿಲ್ಲ. ತಮ್ಮ ಕಡೆ ಒಬ್ಬ ಸಾಕ್ಷಿ ಇದ್ದಾರೆ ಎಂದು ಬಾಗಿಲು ತೆರೆಸಿದ.

ಒಳಗೆ ಬಂದದ್ದು ಓಮೋರ್ ಅಲ್ಲ. ಬಿಳಿ ತಲೆವಸ್ತ್ರದ ಒಬ್ಬ ಮುದುಕಿ. ಇಸ್ಸಿಕ್-ಕುಲ್ ಸರೋವರದ ದಡದಲ್ಲಿ ಕಾರ್ಖಾನೆಯ ವಿಶ್ರಾಂತಿಧಾಮ ನೋಡಿಕೊಳ್ಳುವವಳಂತೆ.

ಜಾಕಿಪ್ ಎದ್ದು ನಿಂತ. ದೂರು ವಾಪಸ್ ತಗೊಳ್ತೀನಿ ಎಂದ.

ಬುರುಲ್ ಅವನ ತೋಳು ಹಿಡಿದು ಕೂರಿಸಿದಳು. “ಕೂತ್ಕೋ. ನಿನ್ನ ಪಾಲಿಂದನ್ನ ನಾನು ಬಿಡೋದಿಲ್ಲ.”

ಅಧಿಕಾರಿ ಕೇಳಿದ್ದಕ್ಕೆ ಮುದುಕಿ ತಲೆಯಾಡಿಸಿದಳು. ಹೌದು, ಇವನು ಪ್ರತಿ ಬೇಸಿಗೆಯಲ್ಲೂ ಬರುತ್ತಾನೆ, ಕೊನೆಯ ಕೋಣೆಯೇ ಬೇಕು ಎನ್ನುತ್ತಾನೆ, ಬಹಳ ಒಳ್ಳೆಯ ಮನುಷ್ಯ ಎಂದಳು.

“ಸುಳ್ಳು,” ಎಂದಳು ಬುರುಲ್. “ಈ ವಯಸ್ಸಲ್ಲಿ ಸುಳ್ಳು ಹೇಳೋಕೆ ಎಷ್ಟು ಕೊಟ್ರು ನಿಮಗೆ?”

ಮುದುಕಿಗೆ ಸಿಟ್ಟು ಬರಲಿಲ್ಲ. ಒಲೆಯ ಝಳಕ್ಕೆ ಬಾಡಿದ ಬುರುಲ್‌ಳ ಮುಖವನ್ನೂ ನರೆತ ಕೂದಲನ್ನೂ ನೋಡಿದಳು. ಹತ್ತಿರ ಬಂದು ಕೈ ಹಿಡಿದುಕೊಂಡಳು.

“ಬೇಜಾರು ಮಾಡ್ಕೋಬೇಡ ತಾಯಿ. ತಮ್ಮನಿಗೋಸ್ಕರ ಇಷ್ಟು ಹೊಡೆದಾಡೋ ಅಕ್ಕ ಎಲ್ಲರಿಗೂ ಸಿಗಲ್ಲ. ಆದ್ರೆ ಅವನ ಹೆಂಡತೀನೂ ಮಗೂನೂ ಕರ್ಕೊಂಡು ಬಂದಿದ್ರೆ, ಅವರೇ ನಿನಗೆ ನಿಜ ಹೇಳ್ತಿದ್ರು.”