ಮೊದಲು ಕೇಳಬೇಕಾದವರು

ಮಗಳಿಗೆ ಪಶುವೈದ್ಯ ಕಾಲೇಜಿನ ಸೀಟು ಸಿಕ್ಕಿತ್ತು. ಅದನ್ನು ಒಪ್ಪಿಕೊಳ್ಳಲು ಅಂದು ಸಂಜೆಯೇ ಕಡೆಯ ಗಡುವು. ಆದರೆ ಮನೆಯ ಕಂಪ್ಯೂಟರಿನಲ್ಲಿ ಒಂದೊಂದು ಪುಟ ತೆರೆಯುವುದಕ್ಕೂ ಯುಗ ಹಿಡಿಯುತ್ತಿತ್ತು.

“ಮುಚ್ಚಿದ ಸ್ಕೂಲಿನ ಹರಾಜಲ್ಲಿ ತಂದ ಡಬ್ಬ ಇನ್ನೆಂಗೆ ಓಡುತ್ತೆ?” ಅಪ್ಪ ಗದರಿದ. “ಅದರೊಳಗೆ ವಿಂಡೋಸ್ ಬದಲು ಅದೇನೋ ಬಿಟ್ಟಿ ಲಿನಕ್ಸಂತೆ. ಬಿಟ್ಟಿ ಸಿಕ್ಕಿದ್ದು ಬಿಟ್ಟಿ ಥರಾನೇ ಇರುತ್ತೆ.”

“ಲಿನಕ್ಸ್ ಚೆನ್ನಾಗೇ ಇದೆ ಅಪ್ಪಾಜಿ. ಯಾವ ಸೈಟಿಗೆ ಹೋಗೋಕೂ ಇದು ಮೊದಲು ಒಂದು ಸರ್ವರ್ ಹತ್ರ ವಿಳಾಸ ಕೇಳುತ್ತೆ. ಇದರ ಪಟ್ಟಿಯಲ್ಲಿ ಇನ್ನೂ ಆ ಸ್ಕೂಲಿನ ಸರ್ವರೇ ಮೇಲಿದೆ. ಅದು ಕೆಟ್ಟು ಎಷ್ಟು ಕಾಲವಾಯ್ತೋ. ಪ್ರತಿ ಸಲ ಅದನ್ನ ಕೇಳಿ, ಕಾದು ಕಾದು ಸುಸ್ತಾದ ಮೇಲೆ ಎರಡನೆಯದನ್ನ ಕೇಳುತ್ತೆ.”

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಥೂ, ಮುಠ್ಠಾಳ ಯಂತ್ರ! ಬಾಯೇ ಬಿಡದವನ ಮುಂದೆ ದಿನಾ ಕೈಕಟ್ಟಿ ನಿಲ್ಲುತ್ತಾ? ನಮ್ಮ ಎಮ್ಮೆಗೂ ಇದಕ್ಕಿಂತ ಬುದ್ಧಿಯಿದೆ. ಕಿತ್ತೆಸಿ ಅವನ ಹೆಸರನ್ನ!”

ಮಗಳು ಆ ಸಾಲನ್ನು ಅಳಿಸಿದಳು. ಸೀಟಿನ ಪುಟ ತಟ್ಟನೆ ತೆರೆದುಕೊಂಡಿತು.

“ಒಪ್ಪಿಗೆ ಕೊಟ್ಟುಬಿಡ್ಲಾ?”

“ಏಯ್, ಕೈ ತೆಗಿ! ನಿಮ್ಮ ದೊಡ್ಡಪ್ಪನ್ನ ಕೇಳದೆ ಈ ಮನೇಲಿ ಯಾವತ್ತಾದ್ರೂ ಏನಾದ್ರೂ ನಡೆದಿದ್ಯಾ?”

“ಅವರು ಫೋನೇ ಎತ್ತಲ್ವಲ್ಲ ಅಪ್ಪಾಜಿ. ಅಕ್ಕನಿಗೆ ಸಂಬಂಧ ಬಂದಾಗಲೂ ಎತ್ತಲಿಲ್ಲ. ಗಂಡಿನವರು ಕಾದು ಕಾದು ಬೇರೆ ಹೆಣ್ಣು ನೋಡ್ಕೊಂಡ್ರು.”

“ಹಿರಿಯ ಕಣೇ ಅವನು! ಎತ್ತೋವರೆಗೂ ಕಾಯೋದು ನಮ್ಮ ಧರ್ಮ.”

ಅಪ್ಪ ಅಂಗಳಕ್ಕೆ ಹೋಗಿ ಅಣ್ಣನ ನಂಬರು ಒತ್ತಿದ. ಹೆಗಲ ಮೇಲಿನ ಟವೆಲನ್ನು ಕಂಕುಳಿಗೆ ಇಳಿಸಿಕೊಂಡು, ಅತ್ತ ರಿಂಗಾಗುತ್ತಲೇ ಇದ್ದ ಫೋನಿಗೆ ತಲೆಬಾಗಿ ನಿಂತ.

ಒಳಗೆ ಮಗಳು ಒಪ್ಪಿಗೆಯ ಗುಂಡಿ ಒತ್ತಿದಳು.